ಶಿವಕಾಂತಾಳ ರೆಕಾರ್ಡ್ ಪುಸ್ತಕ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಮಟಕಿ, ನರೋಣಾ ಊರುಗಳಿಂದ ಬಸ್ಸು ಹಿಡಿದು ಬಂದ ಸಭಿಕರೇ, ಬೆಂಚು ಸಾಲದೆ ಕಿಟಕಿ ಹತ್ತಿ ಕುಳಿತ ನನ್ನ ವಿದ್ಯಾರ್ಥಿಗಳೇ,

ನಿವೃತ್ತನಾಗುವ ನನಗೆ ಶಾಲು ಹೊದಿಸಿದ್ದೀರಿ. ಸೆಖೆ, ತೆಗೆದಿಡುತ್ತೇನೆ. ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಕಲಿಸಿದ ದೌಲತರಾಯ ಮಾಸ್ತರರು ಒಂದು ದಿನವೂ ತಪ್ಪು ಹೇಳಲಿಲ್ಲ ಎಂದಿರಿ. ಅದೇ ಮಾತು ಚುಚ್ಚುತ್ತಿದೆ, ಕೂರಲಾಗುತ್ತಿಲ್ಲ.

ಎಂಬತ್ತಮೂರನೇ ಇಸವಿಯಲ್ಲಿ ಮಟಕಿಯ ಶಿವಕಾಂತಾ ಎಂಬ ಹುಡುಗಿ ಪ್ರಯೋಗಶಾಲೆಗೆ ಶೇಂದಿ ಗಡಿಗೆಯ ಗಸಿ ತಂದಳು. ಅಧ್ಯಕ್ಷರು ಗಾಬರಿಯಾಗಬಾರದು, ಯಾರೂ ಕುಡಿದಿಲ್ಲ! ಗಸಿಯಲ್ಲಿ ಯೀಸ್ಟ್ ಇರುತ್ತದೆ, ಒಂದೇ ಕೋಶದ ಜೀವ. ಅದನ್ನು ಬರೀ ನೀರಿನಲ್ಲಿ ಎರಡು ದಿನ ಉಪವಾಸ ಇಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆದಳು. ಕೋಶದೊಳಗಿನ ಚೀಲ ಉಬ್ಬಿತ್ತು. ಚೀಲದೊಳಗೆ ಕೋಶದ್ದೇ ಚೂರುಗಳು.

ಪಠ್ಯಪುಸ್ತಕದಲ್ಲಿ ಹಾಗಿರಲಿಲ್ಲ. ಕೆಂಪು ಶಾಯಿಯಲ್ಲಿ ಗೀಟು ಹೊಡೆದೆ. “ಏನಬೇ, ಶೇಂದಿ ಕುಡದು ನೋಡೀಯೇನು?” ಎಂದೆ. ಇಡೀ ತರಗತಿ ನಕ್ಕಿತು.

“ಸರ್, ಬರಗಾಲದಾಗ ನಮ್ಮವ್ವ ಮನಿಯಾಗಿನ ಬಿದಿರ ತಟ್ಟಿ ಕಿತ್ತು ಒಲಿಗೆ ಹಾಕಿ ಅಂಬಲಿ ಕಾಸಿದಳ್ರಿ. ತಲಬಾಗಲಾ ಮುಟ್ಟಲಿಲ್ರಿ. ಇದೂ ಹಂಗ ಬದುಕಾಕತ್ತೈತ್ರಿ.”

“ತಿದ್ದಿ ತಾ, ಸಹಿ ಹಾಕತೇನಿ.”

“ಕಂಡದ್ದು ಬರದೀನ್ರಿ. ಕಾಣದ್ದು ಹ್ಯಾಂಗ ಬರೀಲ್ರಿ?”

ಸಹಿಯಿಲ್ಲದ ರೆಕಾರ್ಡಿಗೆ ಪರೀಕ್ಷೆಯಿಲ್ಲ. ರೆಕಾರ್ಡನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದವಳು ಮತ್ತೆ ಕಾಲೇಜಿಗೆ ಬರಲಿಲ್ಲ. ನಾನೇನು ಮಾಡಿದೆ? ಮನೆಗೆ ಹೋಗಿ ಊಟ ಮಾಡಿದೆ.

ಹೋದ ವರ್ಷ ಗುಲಬರ್ಗಾದ ತರಬೇತಿಯಲ್ಲಿ ಹೊಸ ಚಿತ್ರಗಳನ್ನು ತೋರಿಸಿದರು. ಹಸಿದ ಯೀಸ್ಟ್ ಒಳಗೇ ಹೊಸ ಪೊರೆ ಹೆಣೆಯುತ್ತದೆ, ತನ್ನದೇ ಭಾಗಗಳನ್ನು ಅದರಲ್ಲಿ ಸುತ್ತಿ ಆ ಚೀಲಕ್ಕೆ ಒಯ್ದು ಅರಗಿಸಿಕೊಳ್ಳುತ್ತದೆ. ಹೊರಗೋಡೆ ಮಾತ್ರ ಹಾಗೇ! ಅದು ಶಿವಕಾಂತಾ ಹೇಳಿದ ಮಾತಲ್ಲವೇ? ನಾನು ನಗಿಸಿ ಕೊಂದ ಮಾತಲ್ಲವೇ?

ಬಾಗಿಲ ಬಳಿ ಕುಳಿತವಳೇ ಆಕೆ. ನಾನೇ ಕರೆಸಿದೆ. ಮೂರು ಸಲ ಎದ್ದು ಬಸ್ಸು ನೋಡಿ ಬಂದಳು. ಅವಳು ಎದ್ದಾಗಲೆಲ್ಲ ನನ್ನ ಮಾತು ತಪ್ಪುತ್ತಿದೆ. ಶಿವಕಾಂತಾ, ಇನ್ನ ಎರಡ ನಿಮಿಷ ಕೂಡವಾ. ಇದ ನೋಡು ನಿನ್ನ ರೆಕಾರ್ಡು, ಹನ್ನೊಂದ ವರ್ಷ ನನ್ನ ಟ್ರಂಕಿನಾಗಿತ್ತು. ನೀ ಖರೆ ಬರದಿದ್ದಿ. ತಪ್ಪಿದಾಂವ ನಾನು.

ಎಲ್ಲರೆದುರು ಸಹಿ ಹಾಕುತ್ತಿದ್ದೇನೆ. ದಿನಾಂಕ ಇಂದಿನದೇ. ಹೋದ ಪರೀಕ್ಷೆ ಇದರಿಂದ ಮರಳಿ ಬರುವುದಿಲ್ಲ, ಬಲ್ಲೆ.

ಎದ್ದಳು. ಬಸ್ಸಿಗಲ್ಲ, ಈ ಕಡೆಗೇ ಬರುತ್ತಿದ್ದಾಳೆ. ದಾರಿ ಬಿಡ್ರಿ, ಸ್ವಲ್ಪ ದಾರಿ ಬಿಡ್ರಿ! ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ನಾನು ಋಣಿ. ಆದರೆ ಮೊದಲು ಕೈ ಮುಗಿಯುವುದು ಅವಳಿಗೆ. ಯವ್ವಾ, ನಮಸ್ಕಾರ.