ಎಡಗಡೆಯ ಸದ್ದು

ಕೆಟ್ಟ ರೇಡಿಯೊ ಹಿಡಿದು ಆಡಿಯೊ ಅಂಗಡಿಯ ಸರದಿಯಲ್ಲಿ ನಿಂತಿದ್ದ ದರ್ಜಿಗೆ ಮುಂದಿನ ಅಕ್ಕ ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮನ ಕೈಯಲ್ಲಿ ಮನೆಯಲ್ಲೇ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್ ಇತ್ತು.

“ಫೋನಿನ ಹಾಡು ಇದ್ರಲ್ಲಿ ಚೆನ್ನಾಗಿ ಕೇಳ್ಬೇಕಂದ್ರೆ ಮಧ್ಯೆ ಡಿಜಿಟಲ್ ಹಾಡನ್ನ ಸದ್ದಾಗಿಸೋ ಒಂದು ಡ್ಯಾಕ್ ಪೆಟ್ಟಿಗೆ ಬೇಕಕ್ಕಾ. ಆ ಕರೀದು ತಗೊಳ್ಳೋಣ. ಎಡ ಬಲ ಬೇರೆಬೇರೆ ಹೊಂದಿಸ್ಬಹುದು.”

“ಯಾಕೆ ಹೊಂದಿಸ್ಬೇಕು?”

“ಇದ್ರಲ್ಲಿ ಎಡಗಡೆ ಜೋರು. ಅಪ್ಪ ಹೋದ್ಮೇಲೆ ನಾನು ಹೆಡ್‌ಫೋನ್ ಹಾಕ್ಕೊಂಡಾಗ್ಲೇ ಗೊತ್ತಾಗಿದ್ದು. ಅವ್ರು ಇದನ್ನ ಕಟ್ಟೋವಾಗ ಎಲ್ಲೋ ತಪ್ಪಿದ್ದಾರೆ.”

“ಅಪ್ಪ ತಪ್ಪೋದಾ? ಒಂದು ಬೆಸುಗೆ ಸರಿ ಬರ್ಲಿಲ್ಲ ಅಂದ್ರೆ ಊಟಕ್ಕೂ ಏಳ್ತಿರ್ಲಿಲ್ಲ.”

“ಮತ್ತೆ ಇದೇನು?”

ಅಕ್ಕ ಆಂಪ್ಲಿಫೈಯರನ್ನು ತನ್ನ ಕೈಗೆ ತೆಗೆದುಕೊಂಡಳು.

“ಜೊತೇಲಿ ನಡೆಯೋವಾಗ ನನ್ನನ್ನ ಯಾವಾಗ್ಲೂ ಬಲಗಡೆಗೇ ಕರ್ಕೊಳ್ತಿದ್ರು ಕಣೋ.”

“ಎಡಗಿವಿ ಕೇಳಿಸ್ತಿರ್ಲಿಲ್ವಾ?”

“ಯಾರ್ಗೂ ಹೇಳ್ಲೇ ಇಲ್ಲ.”

“ನಿಂಗೆ ಯಾವಾಗ ಗೊತ್ತಾಯ್ತು?”

“ಈಗ. ನೀನು ಎಡಗಡೆ ಜೋರು ಅಂದಾಗ.”

ಅಂಗಡಿಯವನು ಕೇಳಿದ, “ಕರೀದು ಕೊಡ್ಲಾ ಸಾರ್?”

ತಮ್ಮ ಹೇಳಿದ, “ಬೇಡ. ಎಡ ಬಲ ಮುಟ್ಟದೆ ಇದ್ದದ್ದನ್ನ ಇದ್ದಂಗೇ ಕಳ್ಸೋದು ಕೊಡಿ.”

ಪೊಟ್ಟಣ ಹಿಡಿದು ಇಬ್ಬರೂ ಮೆಟ್ಟಿಲಿಳಿದರು. ಬೀದಿಗೆ ಕಾಲಿಡುತ್ತಲೇ ಅಕ್ಕ ತಾನಾಗಿಯೇ ತಮ್ಮನ ಬಲಗಡೆಗೆ ಸರಿದದ್ದನ್ನು ದರ್ಜಿ ನೋಡಿದ.