ನಖ್ಮಾನ್ ಮಿತಭಾಷಿಯಂತೆ!

ಹೈಫಾದ ಚಿತ್ರಮಂದಿರದ ಎದುರು ಬಸ್ಸಿಗೆ ಕಾಯುತ್ತಿದ್ದೆ. ಸಿನಿಮಾ ಮುಗಿಸಿ ಬಂದ ವಯಸ್ಸಾದ ಅಕ್ಕತಂಗಿಯರು ಪಕ್ಕದಲ್ಲಿ ಕೂತರು.

“ತಪ್ಪಾಯ್ತಕ್ಕ. ತಮಾಷೆ ಸಿನಿಮಾ ಅಂದಿದ್ರು. ಶುರುನಲ್ಲೇ ಗಂಡ ಸಾಯ್ತಾನೆ ಅಂತ ನಂಗೇನು ಗೊತ್ತು?”

“ನಮ್ಮ ಯಹೂದಿಗಳ ತಮಾಷೆ ಇನ್ನೆಲ್ಲಿಂದ ಶುರುವಾಗ್ಬೇಕು, ಬ್ರಾಖಾ?”

“ಭಾವ ಹೋಗಿ ಎರಡು ತಿಂಗಳಾಗಿಲ್ಲ. ನೀನು ಅಳ್ತೀಯೇನೋ ಅಂತ ನಾನು ಪರದೇನೇ ನೋಡ್ಲಿಲ್ಲ.”

“ಸಿನಿಮಾದಲ್ಲಿ ಆ ಪುರೋಹಿತ, ರಬ್ಬಿ, ಸತ್ತವನನ್ನ ಹೊಗಳೋದು ಕೇಳಿ ಬಿದ್ದು ಬಿದ್ದು ನಕ್ಕೆ ಕಣೇ. ನಮ್ಮ ರಬ್ಬಿನೂ ಹಾಗೇ ಅಲ್ವಾ? ‘ನಖ್ಮಾನ್ ಮಿತಭಾಷಿ’ ಅಂದ್ರು!”

“ಭಾವ? ಮಿತಭಾಷಿ?”

“ಸಮಾಧಿ ಪಕ್ಕ ನಗು ತಡೆಯೋಕೆ ತುಟಿ ಕಚ್ಕೊಂಡು ನಡುಗ್ತಿದ್ದೆ.”

“ಅಯ್ಯೋ, ದುಃಖ ಅಂದ್ಕೊಂಡು ನಾನು ತಬ್ಕೊಂಡಿದ್ದೆ!”

“ಮನೆಗೆ ಹೋದ ತಕ್ಷಣ ಇದನ್ನ ನಿನ್ನ ಭಾವಂಗೇ ಹೇಳ್ಬೇಕು ಅನ್ನಿಸಿತ್ತು ಕಣೇ.”

ಬಸ್ಸು ಬಂತು. ಒಬ್ಬರ ತೋಳನ್ನೊಬ್ಬರು ಹಿಡಿದು, ಕಣ್ಣೊರೆಸಿಕೊಂಡು ನಗುತ್ತಲೇ ಹತ್ತಿದರು.