ಇನ್‌ಬಾಕ್ಸ್ ತುಂಬಿದೆ

ಗೋಡೆಯ ಹಲ್ಲಿಗೂ ಕೇಳಿಸದ ಪಿಸುಮಾತು ನನಗೆ ಕೇಳಿಸುತ್ತದೆ. ಮೈಸೂರಿನಲ್ಲಿ ಇಂಥ ಕಿವಿ ಇರುವುದು ಎರಡೇ, ಎರಡೂ ನನ್ನವೇ. ಎರಡು ಸಾವಿರದ ಐದರಲ್ಲಿ ಶ್ರೀರಾಂಪುರದ ಲೈಬ್ರರಿಯೊಂದರಲ್ಲಿ, ಚಾಮುಂಡಿ ಬೆಟ್ಟದ ಬುಡದವರೆಗೂ ಬೆಳೆದಿದ್ದ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಹೆಬ್ಬಾಳದ ಕಾರ್ಖಾನೆಯ ರೋಸ್‌ಮೇರಿ, ಕೌಂಟರಿನಲ್ಲಿ ಗುರುಮಲ್ಲಪ್ಪ.

“ನೀವು ಕೇಳಿದ್ದ ಪುಸ್ತಕ ಬಂದಿದೆ ಅಂತ ಮೊಬೈಲಿಗೆ ಮೂರು ಸಲ ಮೆಸೇಜ್ ಹಾಕ್ದೆ ಕಣಮ್ಮ. ನೀವು ಬರ್ಲಿಲ್ಲ, ಬೇರೆಯವ್ರಿಗೆ ಕೊಟ್ಬುಟ್ಟೆ.”

“ಮೆಸೇಜೇ ಬರ್ಲಿಲ್ಲ ಸಾರ್. ಭಾನುವಾರ ಸರ್ಕಾರಿ ಕೆಲಸದ ಪರೀಕ್ಷೆ. ವಯಸ್ಸು ಮೀರ್ತದೆ, ಇದೇ ಕೊನೇ ಸಲ.”

“ಎಲ್ಲಿ, ಫೋನ್ ಕೊಡಿ. ಇನ್‌ಬಾಕ್ಸ್ ತುಂಬೋಗಿದೆ, ಹೊಸದು ಎಂಗೆ ಒಳಗೆ ಬರ್ತದೆ? ಎಲ್ಲಾ ಯಾರೋ ರಾಬರ್ಟ್ ಅನ್ನೋರದು. ‘ಬಸ್ ಹತ್ತಿದ್ಯಾ’, ‘ಬಸ್ ಹತ್ತಿದ್ಯಾ’. ಅಳಿಸ್ಬುಡಿ.”

“ನಮ್ಮಣ್ಣ ಸಾರ್. ತೀರ್ಕೊಂಡು ನಾಕು ತಿಂಗಳಾಯ್ತು.”

“ಅಯ್ಯೋ. ಒಂದನ್ನಾದ್ರೂ ಅಳಿಸಮ್ಮ, ಎಲ್ಲಾ ಒಂದೇ ತರ ಅವೆ. ಪುಸ್ತಕ ನಾಳೆ ವಾಪಸ್ ಬಂದ್ರೆ ತಕ್ಷಣ ತಿಳಿಸ್ತೀನಿ. ಶಿಫ್ಟ್ ಬಿಟ್ಟು ದಿನಾ ಬಂದು ಕೇಳೋಕಾಯ್ತದಾ?”

“ಆಗಲ್ಲ.”

“ಮತ್ತೆ?”

“ಒಂದಕ್ಕೂ ನಾನು ಉತ್ತರ ಹಾಕಿರ್ಲಿಲ್ಲ ಸಾರ್.”

ಗುರುಮಲ್ಲಪ್ಪ ಫೋನನ್ನು ಮೆಲ್ಲನೆ ಹಿಂದಿರುಗಿಸಿದರು.

“ಮೆಸೇಜ್ ಹಾಕೋ ಪಟ್ಟಿಯಿಂದ ನನ್ನ ಹೆಸರು ತೆಗೆದ್ಬುಡಿ ಸಾರ್,” ಎಂದು ಅವಳು ಬರಿಗೈಯಲ್ಲಿ ಬಸ್ ನಿಲ್ದಾಣದ ಕಡೆಗೆ ನಡೆದಳು.